ಬೂದಿಕೋಟೆಯಿಂದ ಮೇಲೆದ್ದ ಅಧಿಪತ್ಯ

ರೋಮ್ ಎಂದೊಡನೆ ನಮ್ಮ ಕಥೋಲಿಕ ಕುಟುಂಬಗಳ ಕಣ್ಣ ಮುಂದೆ ನಿಲ್ಲುವುದು ಸಂತ ಪೇತ್ರರ ಮಹಾದೇವಾಲಯ ಮತ್ತು ಜಗದ್ಗುರುಗಳ ಪೀಠ. ಆದರೆ ಶುಭಸಂದೇಶದ ಪುಟಗಳಲ್ಲಿ ನಾವು ಕಾಣುವ ರೋಮ್ ಬೇರೆಯದು. ಅಲ್ಲಿ ಜನಗಣತಿಗೆ ಆಜ್ಞೆ ಹೊರಡಿಸುವ ಚಕ್ರವರ್ತಿಯಿದ್ದಾನೆ, ಸುಂಕ ವಸೂಲು ಮಾಡುವವರಿದ್ದಾರೆ, ಶತಾಧಿಪತಿಗಳಿದ್ದಾರೆ, ಕೈ ತೊಳೆದುಕೊಳ್ಳುವ ರಾಜ್ಯಪಾಲನಿದ್ದಾನೆ. ಟೈಬರ್ ನದಿಯ ದಡದಲ್ಲಿದ್ದ ಸಣ್ಣದೊಂದು ಊರು ಬ್ರಿಟನ್ನಿನಿಂದ ಯೂಫ್ರೆಟಿಸ್ ನದಿಯವರೆಗೆ ಚಾಚಿದ ಸಾಮ್ರಾಜ್ಯವಾಗಿ ಬೆಳೆದು, ಕ್ರಿ.ಶ. 476ರಲ್ಲಿ ತನ್ನ ಪಶ್ಚಿಮ ಭಾಗದ ಕೊನೆಯ ಚಕ್ರವರ್ತಿಯನ್ನು ಕಳೆದುಕೊಂಡಿತು. ಆ ಏಳುಬೀಳಿನ ಕಾರಣಗಳನ್ನು ವಿದ್ವಾಂಸರು ಇಂದಿಗೂ ಚರ್ಚಿಸುತ್ತಿದ್ದಾರೆ. ಆ ರೋಮನ್ನರ ಬೆಳ್ಳಿಯ ನಾಣ್ಯಗಳು ಬೆಂಗಳೂರಿನ ಯಶವಂತಪುರದಲ್ಲಿಯೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ದೊರೆತಿವೆ ಎಂಬುದನ್ನು ನೆನೆದರೆ, ಆ ಸಾಮ್ರಾಜ್ಯ ನಮಗೆ ತೀರ ಅಪರಿಚಿತವಾದುದೇನೂ ಅಲ್ಲ.

ಅಧಿಕಾರ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಏಕೆ ಅಳಿಯುತ್ತದೆ ಎಂಬುದನ್ನು ಅರಿಯಲು ಟೈಬರ್ ದಡದವರೆಗೆ ಹೋಗಬೇಕಾದ ಅಗತ್ಯವೂ ನಮಗಿಲ್ಲ. ನಮ್ಮ ಕೋಲಾರವೇ ಒಂದು ಕಾಲಕ್ಕೆ ಕುವಳಾಲವೆಂಬ ಹೆಸರಿನಲ್ಲಿ ಗಂಗ ಅರಸರ ಮೊದಲ ರಾಜಧಾನಿಯಾಗಿತ್ತು. ಅವರ ನಂತರ ಚೋಳರು ಬಂದರು, ಹೊಯ್ಸಳರು ಬಂದರು, ವಿಜಯನಗರದವರು ಬಂದರು, ಬಿಜಾಪುರದವರು ಬಂದರು, ಶಿವಾಜಿಯ ತಂದೆ ಶಹಾಜಿ ಇದನ್ನು ಜಹಗೀರಾಗಿ ಅನುಭವಿಸಿದ. ಬಳಿಕ ಮೊಗಲರ ಸಿರಾ ಪ್ರಾಂತಕ್ಕೆ ಇದು ಸೇರಿತು. ಇಷ್ಟೆಲ್ಲ ಅರಸೊತ್ತಿಗೆಗಳು ಹಾದುಹೋದ ಈ ನೆಲದಲ್ಲಿ, ಇಂದಿನ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ ಬೂದಿಕೋಟೆಯೆಂಬ ಗ್ರಾಮದಲ್ಲಿ, 1720ರ ಆಸುಪಾಸಿನಲ್ಲಿ ಜನಿಸಿದ ಶಿಶುವೊಂದು ಮುಂದೆ ದಕ್ಷಿಣ ಭಾರತದ ಬಹುಭಾಗವನ್ನು ನಡುಗಿಸಿತು. ಹೈದರಾಲಿಯ ಬದುಕನ್ನು ರೋಮನ್ನರ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಎರಡರ ಅರ್ಥವೂ ಹೆಚ್ಚು ಸ್ಪಷ್ಟವಾಗುತ್ತದೆ.

ನಗಾರಿಯೊಳಗಿನ ಬಾಲಕ

ಹೈದರನ ತಂದೆ ಫತೇ ಮಹಮ್ಮದ್ ಸಿಪಾಯಿ ವೃತ್ತಿಯವನು. ಯಾರು ಸಂಬಳ ಕೊಡುತ್ತಾರೋ ಅವರ ಬಳಿ ಚಾಕರಿ ಮಾಡುತ್ತ, ಕೊನೆಗೆ ಸಿರಾದ ನವಾಬನ ಕೈಕೆಳಗೆ ಕೋಲಾರದ ಫೌಜುದಾರನಾಗಿ, ಬೂದಿಕೋಟೆಯನ್ನು ಜಹಗೀರಾಗಿ ಪಡೆದಿದ್ದನು. ಸುಮಾರು 1728ರಲ್ಲಿ ಸಿರಾದ ನವಾಬಗಿರಿಗಾಗಿ ನಡೆದ ಉತ್ತರಾಧಿಕಾರದ ಕಾಳಗದಲ್ಲಿ ಅವನು ಮಡಿದನು. ಹೈದರನಿಗೆ ಆಗ ಆರೇಳು ವರ್ಷ. ತಂದೆ ಸತ್ತ ದುಃಖ ಆರುವ ಮುನ್ನವೇ ಇನ್ನೊಂದು ಸಂಕಟ ಆ ಮನೆಯ ಮೇಲೆರಗಿತು.

ದೊಡ್ಡಬಳ್ಳಾಪುರದ ಅಧಿಕಾರಿ ಅಬ್ಬಾಸ್ ಕುಲಿಖಾನನು, ಫತೇ ಮಹಮ್ಮದನಿಂದ ಬಾಕಿ ಬರಬೇಕೆಂಬ ನೆಪವೊಡ್ಡಿ ವಿಧವೆಯನ್ನೂ ಮಕ್ಕಳನ್ನೂ ಹಿಡಿಸಿ, ಅವರಲ್ಲಿದ್ದುದನ್ನೆಲ್ಲ ಕಿತ್ತುಕೊಂಡನು. ಹಣ ಹೊರಡಿಸುವುದಕ್ಕಾಗಿ ಹೈದರನನ್ನೂ ಅವನ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ತೂರಿಸಿ, ಮೇಲೆ ಚರ್ಮ ಬಿಗಿದು ಬಾರಿಸಲಾಯಿತೆಂದು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ದಾಖಲಿಸಿದ್ದಾನೆ. ತಂದೆ ಮಾಡಿದನೆನ್ನಲಾದ ಸಾಲಕ್ಕೆ ಮಕ್ಕಳ ಕಿವಿಯಲ್ಲಿ ನಗಾರಿ ಮೊಳಗಿತು. ಮೈಸೂರಿನ ದಂಡಿನಲ್ಲಿದ್ದ ಬಂಧುವೊಬ್ಬನ ಪ್ರಯತ್ನದಿಂದ ಆ ಕುಟುಂಬಕ್ಕೆ ಬಿಡುಗಡೆ ದೊರೆತು, ಅವರು ಶ್ರೀರಂಗಪಟ್ಟಣ ಸೇರಿದರು. ಈ ಪ್ರಸಂಗವನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಕಥೆಯಲ್ಲಿ ಇದರ ಮಾರ್ದನಿ ಮತ್ತೆ ಮತ್ತೆ ಕೇಳಿಬರುತ್ತದೆ.

ಬೆಳೆದ ಹೈದರನು ಓದುಬರಹ ಕಲಿಯಲಿಲ್ಲ. ತನ್ನ ಹೆಸರಿನ ಮೊದಲಕ್ಷರವೊಂದನ್ನು ಬಿಟ್ಟರೆ ಅವನಿಗೆ ಬರೆಯಲು ಬರುತ್ತಿರಲಿಲ್ಲ. ಆದರೆ ಅವನ ಸ್ಮರಣಶಕ್ತಿ ಅಸಾಧಾರಣವಾದುದಾಗಿತ್ತು. ಹಲವು ಭಾಷೆಗಳಲ್ಲಿ ಮಾತನಾಡಬಲ್ಲವನಾಗಿದ್ದ ಅವನು, ಲೆಕ್ಕಪತ್ರಗಳನ್ನು ಕಿವಿಯಿಂದ ಕೇಳಿಯೇ ತಪ್ಪು ಹಿಡಿಯುತ್ತಿದ್ದನು. 1749ರಲ್ಲಿ ಮೈಸೂರಿನ ಸೇನೆ ದೇವನಹಳ್ಳಿಯ ಕೋಟೆಯನ್ನು ಮುತ್ತಿದಾಗ, ಅಣ್ಣನ ದಳದಲ್ಲಿ ಸ್ವಂತ ಇಚ್ಛೆಯಿಂದ ಸೇರಿ ಹೋರಾಡಿದ ಈ ಯುವಕನ ಧೈರ್ಯವನ್ನು ಸರ್ವಾಧಿಕಾರಿ ನಂಜರಾಜನು ಗಮನಿಸಿದನು. ಹೈದರನಿಗೆ 50 ಕುದುರೆ ಮತ್ತು 200 ಕಾಲಾಳುಗಳ ನಾಯಕತ್ವ ದೊರೆಯಿತು. ಅವನ ಭಾಗ್ಯೋದಯಕ್ಕೆ ಅದೇ ನಾಂದಿ.

ಸಂಬಳ ಕೊಡುವವನೇ ಒಡೆಯ

1755ರಲ್ಲಿ ಹೈದರನು ದಿಂಡಿಗಲ್ಲಿನ ಫೌಜುದಾರನಾದನು. ಅಲ್ಲಿನ ಪಾಳೆಯಗಾರರನ್ನು ಅಡಗಿಸುವ ಕೆಲಸದ ಜೊತೆಗೆ, ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಆಯುಧಶಾಲೆಯೊಂದನ್ನು ಸ್ಥಾಪಿಸಿದನು. ಯುರೋಪಿಯನ್ನರ ಬಲವು ಅವರ ಮೈಬಣ್ಣದಲ್ಲಿಲ್ಲ, ಅವರ ಕವಾಯತು, ಬಂದೂಕು ಮತ್ತು ಫಿರಂಗಿಗಳಲ್ಲಿದೆ ಎಂಬುದನ್ನು ಆ ಕಾಲದ ದೇಶೀಯ ನಾಯಕರಲ್ಲಿ ಅವನಷ್ಟು ಸ್ಪಷ್ಟವಾಗಿ ಗ್ರಹಿಸಿದವರು ವಿರಳ.

ಇತ್ತ ಶ್ರೀರಂಗಪಟ್ಟಣದಲ್ಲಿ ಬೊಕ್ಕಸ ಬರಿದಾಗಿತ್ತು. ತಿರುಚಿನಾಪಳ್ಳಿಯ ನಿಷ್ಫಲ ಯುದ್ಧದಲ್ಲಿ ನಂಜರಾಜನು ರಾಜ್ಯದ ಹಣವನ್ನೆಲ್ಲ ಸುರಿದಿದ್ದನು. 1758ರಲ್ಲಿ ಸಂಬಳ ಕಾಣದ ಸಿಪಾಯಿಗಳು ಅವನ ಮನೆಯ ಬಾಗಿಲಿಗೆ ಬಂದು ಧರಣಿ ಕುಳಿತರು. ಬಾಕಿಯನ್ನು ತೀರಿಸುವ ಹೊಣೆ ಹೊತ್ತವನು ಹೈದರ. ಲೆಕ್ಕಗಳನ್ನು ತನಿಖೆ ಮಾಡಿಸಿ, ಸುಳ್ಳು ಬಾಬುಗಳನ್ನು ತೆಗೆದುಹಾಕಿ, ಸಿಪಾಯಿಗಳಿಗೆ ಹಣ ಸಲ್ಲಿಸಿದನು. ಅಂದಿನಿಂದ ದಂಡು ಅರಮನೆಯತ್ತ ನೋಡುವುದನ್ನು ಬಿಟ್ಟು ಹೈದರನತ್ತ ನೋಡತೊಡಗಿತು. ಬೆಂಗಳೂರು ಅವನಿಗೆ ಜಹಗೀರಾಗಿ ದೊರೆಯಿತು. ಮರುವರ್ಷ ಚನ್ನಪಟ್ಟಣದ ಬಳಿ ಮರಾಠರ ದಂಡನ್ನು ಹಿಮ್ಮೆಟ್ಟಿಸಿದಾಗ ಅರಸರು ಅವನಿಗೆ ಬಿರುದನ್ನಿತ್ತು ಗೌರವಿಸಿದರು.

ರೋಮಿನಲ್ಲಿಯೂ ಹೀಗೆಯೇ ಆಯಿತಲ್ಲವೇ? ಆರಂಭದ ರೋಮಿನಲ್ಲಿ ನೇಗಿಲು ಹಿಡಿದ ರೈತನೇ ಕತ್ತಿ ಹಿಡಿದು ಊರು ಕಾಯುತ್ತಿದ್ದನು. ಗೆಲುವುಗಳು ಹೆಚ್ಚಿದಂತೆ, ಯುದ್ಧಗಳು ದೂರದೂರಕ್ಕೆ ಸರಿದಂತೆ, ಸೈನಿಕನು ಸಂಬಳದ ಸೈನಿಕನಾದನು. ಅವನ ನಿಷ್ಠೆ ಗಣರಾಜ್ಯದಿಂದ ಸೇನಾಪತಿಯ ಕಡೆಗೆ ಹರಿಯಿತು. ಜೂಲಿಯಸ್ ಸೀಸರನಿಗೆ ರೋಮಿನ ಬಾಗಿಲು ತೆರೆದದ್ದು ಆ ನಿಷ್ಠೆಯೇ. ಕ್ರಿ.ಶ. 193ರಲ್ಲಂತೂ ಚಕ್ರವರ್ತಿಯ ಕಾವಲು ದಳದವರು ಅವನನ್ನೇ ಕೊಂದು ಸಿಂಹಾಸನವನ್ನು ಹರಾಜಿಗಿಟ್ಟರು. ಅದನ್ನು ಕೊಂಡ ಶ್ರೀಮಂತನು ಎರಡು ತಿಂಗಳು ಮಾತ್ರ ಆಳಿ ಪ್ರಾಣ ತೆತ್ತನು. ಕತ್ತಿಯು ಸಂಬಳದ ಹಿಂದೆ ಹೋಗತೊಡಗಿದ ಮೇಲೆ, ಸಿಂಹಾಸನವು ಕತ್ತಿಯ ಹಿಂದೆ ಹೋಗುತ್ತದೆ.

1760ರಲ್ಲಿ ಹೈದರನ ಏಳಿಗೆಗೆ ದೊಡ್ಡ ವಿಘ್ನವೊಂದು ಒದಗಿತು. ಅವನ ಆಪ್ತ ಲೆಕ್ಕಿಗನಾಗಿದ್ದ ಖಂಡೇರಾಯನೇ ಅರಮನೆಯ ಪಕ್ಷ ವಹಿಸಿ ಅವನ ಮೇಲೆ ತಿರುಗಿಬಿದ್ದನು. ಹೈದರನು ರಾತ್ರಿಯ ಕತ್ತಲೆಯಲ್ಲಿ ಕಾವೇರಿಯನ್ನು ದಾಟಿ, ಸಂಸಾರವನ್ನು ಶ್ರೀರಂಗಪಟ್ಟಣದಲ್ಲಿಯೇ ಬಿಟ್ಟು, ಆನೇಕಲ್ಲಿನ ಮಾರ್ಗವಾಗಿ ಬೆಂಗಳೂರಿಗೆ ಓಡಬೇಕಾಯಿತು. ವರ್ಷ ತುಂಬುವುದರೊಳಗೆ ಅವನು ಮತ್ತೆ ದಂಡು ಕಟ್ಟಿ ಹಿಂದಿರುಗಿ ರಾಜ್ಯವನ್ನು ಕೈವಶ ಮಾಡಿಕೊಂಡನು. ಖಂಡೇರಾಯನ ಪ್ರಾಣ ತೆಗೆಯಬಾರದೆಂದು ಅರಮನೆಯ ಸ್ತ್ರೀಯರು ಬೇಡಿಕೊಂಡಾಗ, ಅವನನ್ನು ಸಾಕಿದ ಗಿಳಿಯಂತೆ ನೋಡಿಕೊಳ್ಳುವುದಾಗಿ ಹೈದರನು ಭರವಸೆಯಿತ್ತನಂತೆ. ಆ ಮಾತನ್ನು ಅವನು ಅಕ್ಷರಶಃ ನಡೆಸಿದನು. ಖಂಡೇರಾಯನನ್ನು ಕಬ್ಬಿಣದ ಪಂಜರದೊಳಗಿಟ್ಟು, ಸಾಯುವವರೆಗೂ ಹಾಲು ಅನ್ನ ಕೊಡಿಸಿದನು. ಒಂದು ಕಾಲಕ್ಕೆ ತನ್ನನ್ನು ಮೇಲೆತ್ತಿದ್ದ ನಂಜರಾಜನನ್ನೂ ಕೆಲವು ವರ್ಷಗಳ ತರುವಾಯ ಸೆರೆಯಲ್ಲಿರಿಸಿದನು. ನಗಾರಿಯೊಳಗೆ ಕೂಡಿಹಾಕಲ್ಪಟ್ಟಿದ್ದ ಬಾಲಕನ ಕೈಯಲ್ಲಿ ಈಗ ಪಂಜರದ ಬೀಗದ ಕೈ ಇತ್ತು.

ಅದೇ 1761ರಲ್ಲಿ, ನಿಜಾಮನ ಸೋದರ ಬಸಾಲತ್ ಜಂಗನು ಹೈದರನಿಗೆ ಸಿರಾದ ನವಾಬನೆಂಬ ಪದವಿಯನ್ನು ಕೊಟ್ಟನು. ಯಾವ ನವಾಬಗಿರಿಯ ಜಗಳದಲ್ಲಿ ತಂದೆ ಮಡಿದಿದ್ದನೋ ಅದೇ ನವಾಬಗಿರಿ ಮಗನ ಪಾಲಾಯಿತು. ದೊಡ್ಡಬಳ್ಳಾಪುರವೂ ಅವನ ವಶವಾಯಿತು. ಅಬ್ಬಾಸ್ ಕುಲಿಖಾನನು ಮದ್ರಾಸಿಗೆ ಓಡಿಹೋದನು.

ಮುಚ್ಚಿದ ಕೈಯ ಅಧಿಕಾರ

ರೋಮಿನ ಮೊದಲ ಚಕ್ರವರ್ತಿ ಅಗಸ್ಟಸನ ಚಾತುರ್ಯ ಪ್ರಸಿದ್ಧವಾದುದು. ಕ್ರಿ.ಪೂ. 27ರಲ್ಲಿ ಸಮಸ್ತ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಾಗಲೂ ಅವನು ರಾಜನೆಂಬ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಹಿರಿಯರ ಸಭೆ ಮೊದಲಿನಂತೆಯೇ ಸೇರುತ್ತಿತ್ತು, ಚುನಾವಣೆಗಳು ನಡೆಯುತ್ತಿದ್ದವು, ಹಳೆಯ ಪದವಿಗಳೆಲ್ಲ ಹಾಗೆಯೇ ಇದ್ದವು. ಬದಲಾದದ್ದು ಒಂದೇ, ನಿರ್ಧಾರ ಎಲ್ಲಿ ಆಗುತ್ತದೆ ಎಂಬುದು. ಹೈದರನು ರೋಮಿನ ಚರಿತ್ರೆಯನ್ನು ಓದಿದವನಲ್ಲ. ಆದರೆ ಅದೇ ವಿವೇಕ ಅವನಲ್ಲಿತ್ತು. ಒಡೆಯರ ವಂಶವನ್ನು ಅವನು ಸಿಂಹಾಸನದಿಂದ ಇಳಿಸಲಿಲ್ಲ. ದಸರೆಯ ದಿನಗಳಲ್ಲಿ ಅರಸರು ಪ್ರಜೆಗಳಿಗೆ ದರ್ಶನ ಕೊಡುತ್ತಿದ್ದರು, ಮಿಕ್ಕ ದಿನಗಳಲ್ಲಿ ಅರಮನೆಯೊಳಗೆ ಉಳಿಯುತ್ತಿದ್ದರು. 1776ರಲ್ಲಿ ಹೊಸ ಅರಸನನ್ನು ಆರಿಸಬೇಕಾಗಿ ಬಂದಾಗ, ರಾಜವಂಶದ ಮಕ್ಕಳ ಮುಂದೆ ಆಟಿಕೆಗಳನ್ನೂ ತಿಂಡಿಗಳನ್ನೂ ಹರಡಿಸಿ, ಅವುಗಳ ನಡುವಿನಿಂದ ಕಠಾರಿಯನ್ನು ಎತ್ತಿಕೊಂಡ ಬಾಲಕನನ್ನು ಹೈದರನು ಗೊತ್ತುಮಾಡಿದನೆಂಬ ಕಥೆ ಪ್ರಚಲಿತವಾಗಿದೆ.

ಅವನ ನಾಣ್ಯಗಳೂ ಇದನ್ನೇ ಹೇಳುತ್ತವೆ. ರೋಮಿನ ಬೆಳ್ಳಿ ನಾಣ್ಯದ ಮೇಲೆ ಸೀಸರನ ಮುಖವಿತ್ತು. ತೆರಿಗೆಯ ಪ್ರಶ್ನೆಯಲ್ಲಿ ತಮ್ಮನ್ನು ಸಿಲುಕಿಸಲು ಯತ್ನಿಸಿದ ವಿರೋಧಿಗಳಿಗೆ ಯೇಸುಸ್ವಾಮಿ ಉತ್ತರ ಕೊಟ್ಟದ್ದು ಆ ಮುಖವನ್ನು ತೋರಿಸಿಯೇ. ಹೈದರನ ಚಿನ್ನದ ವರಹದಲ್ಲಿ ಅವನ ಮುಖವಿಲ್ಲ. ಒಂದು ಬದಿಯಲ್ಲಿ ಬಿದನೂರಿನ ಹಳೆಯ ಪದ್ಧತಿಯಂತೆ ಶಿವ ಪಾರ್ವತಿಯರ ಪ್ರತಿಮೆ, ಇನ್ನೊಂದು ಬದಿಯಲ್ಲಿ ಅವನ ಹೆಸರಿನ ಒಂದೇ ಒಂದು ಅಕ್ಷರ. ಪೂರ್ಣಯ್ಯ, ಕೃಷ್ಣರಾಯರಂಥ ಬ್ರಾಹ್ಮಣ ಅಧಿಕಾರಿಗಳು ಅವನ ಬೊಕ್ಕಸವನ್ನು ನೋಡಿಕೊಳ್ಳುತ್ತಿದ್ದರು. ಶೃಂಗೇರಿಯ ಮಠದೊಡನೆ ಅವನು ಗೌರವದಿಂದ ಪತ್ರವ್ಯವಹಾರ ನಡೆಸಿದನು. ಅವನ ಸೈನ್ಯದಲ್ಲಿ ಕ್ರೈಸ್ತರೂ ಇದ್ದರು. ಕೆಲಸ ಬಲ್ಲವನ ಮತವನ್ನು ಅವನು ವಿಚಾರಿಸುತ್ತಿರಲಿಲ್ಲ. ಬೆಂಗಳೂರಿನ ಲಾಲ್‌ಬಾಗ್ ತೋಟಕ್ಕೆ ಅಡಿಗಲ್ಲಿಟ್ಟವನೂ ಅವನೇ.

1763ರಲ್ಲಿ ಬಿದನೂರು ಅವನ ವಶವಾಯಿತು. ರಾಣಿ ವೀರಮ್ಮಾಜಿಯ ರಾಜಧಾನಿಯ ಅಪಾರ ಸಂಪತ್ತು, ಮಂಗಳೂರಿನ ಬಂದರು, ಅದರ ಮೂಲಕ ಕಡಲಿನ ದಾರಿ, ಇವೆಲ್ಲ ಒಮ್ಮೆಗೇ ಕೈಸೇರಿದವು. ತನ್ನ ಉನ್ನತಿ ಅಲ್ಲಿಂದಲೇ ಆರಂಭವಾಯಿತೆಂದು ಅವನು ಭಾವಿಸಿದ್ದನು. ಮುಂದೆ ಮಲಬಾರು, ಚಿತ್ರದುರ್ಗ, ಗುತ್ತಿ, ಕಡಪ, ಹೀಗೆ ಒಂದೊಂದೇ ಸೇರಿ, ಒಂದು ಹಂತದಲ್ಲಿ ಅವನ ಅಧಿಕಾರ ಉತ್ತರದಲ್ಲಿ ಕೃಷ್ಣಾ ನದಿಯನ್ನು ಮುಟ್ಟಿತು.

ಆದರೆ ಈ ವಿಸ್ತಾರದ ಬೆಲೆಯನ್ನು ತೆತ್ತವರು ಯಾರು? ಮಲಬಾರಿನಲ್ಲಿ ದಂಗೆಯೆದ್ದ ನಾಯರರನ್ನು ಸಹಸ್ರ ಸಂಖ್ಯೆಯಲ್ಲಿ ಊರು ಬಿಡಿಸಿ ಸಾಗಿಸಲಾಯಿತು, ಅವರಲ್ಲಿ ಬದುಕಿ ಉಳಿದವರು ಸ್ವಲ್ಪವೇ ಮಂದಿ. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಸಾವಿರಾರು ಬೇಡ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಬೇರ್ಪಡಿಸಿ ಪ್ರತ್ಯೇಕ ಸೈನಿಕ ದಳಗಳನ್ನಾಗಿ ಬೆಳೆಸಲಾಯಿತು. ರೋಮನ್ನರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. ಕ್ರಿ.ಪೂ. 146ರಲ್ಲಿ ಅವರು ಕಾರ್ಥೇಜ್ ನಗರವನ್ನು ನೆಲಸಮ ಮಾಡಿ ಬದುಕಿದ್ದವರನ್ನು ಗುಲಾಮರನ್ನಾಗಿ ಮಾರಿದರು. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯವನ್ನು ಸುಟ್ಟು ಅಲ್ಲಿಯ ಜನರನ್ನು ಸೆರೆಯೊಯ್ದರು.

ಚಾಟಿಯೂ ಪೌರತ್ವವೂ

1779ರಲ್ಲಿ ಮದ್ರಾಸಿನ ಇಂಗ್ಲಿಷ್ ಅಧಿಕಾರಿಗಳು ತಂಜಾವೂರಿನ ಜರ್ಮನ್ ಪ್ರೊಟೆಸ್ಟಂಟ್ ಮಿಷನರಿ ಶ್ವಾರ್ಟ್ಸ್ ಅವರನ್ನು ಹೈದರನ ಬಳಿಗೆ ಸಂಧಾನಕ್ಕಾಗಿ ಕಳುಹಿಸಿದರು. ಹೈದರನು ಅವರನ್ನು ಆದರದಿಂದ ಬರಮಾಡಿಕೊಂಡನು. ಮರುವರ್ಷ ಯುದ್ಧ ಆರಂಭವಾದಾಗಲೂ ಆ ಪಾದ್ರಿಯನ್ನು ಯಾರೂ ತಡೆಯಬಾರದೆಂದು ತನ್ನ ದಂಡಿಗೆ ಆಜ್ಞೆ ಮಾಡಿದನು. ಅವನ ಆಡಳಿತದ ಚುರುಕನ್ನೂ ಕ್ರಮಬದ್ಧತೆಯನ್ನೂ ಶ್ವಾರ್ಟ್ಸ್ ಮೆಚ್ಚಿಕೊಂಡಿದ್ದಾರೆ. ಅದರ ಜೊತೆಗೇ ಇನ್ನೊಂದು ಸಂಗತಿಯನ್ನು ಅವರು ಗುರುತಿಸಿದ್ದಾರೆ. ಆ ಆಡಳಿತ ನಡೆಯುತ್ತಿದ್ದುದು ಭಯದ ಮೇಲೆ. ಚಾಟಿ ಹಿಡಿದ ಆಳುಗಳು ಸದಾ ಸಿದ್ಧರಾಗಿರುತ್ತಿದ್ದರು. ಕಂದಾಯದ ಅಧಿಕಾರಿಯೂ ಸರಿ, ದೊಡ್ಡ ಪದವಿಯವನೂ ಸರಿ, ಯಾರ ಬೆನ್ನೂ ಅದರಿಂದ ಸುರಕ್ಷಿತವಾಗಿರಲಿಲ್ಲ.

ಇಲ್ಲಿಯೇ ರೋಮಿಗೂ ಹೈದರನ ರಾಜ್ಯಕ್ಕೂ ಇರುವ ಅಂತರ ಕಾಣುತ್ತದೆ. ಸಂತ ಪೌಲರು ಜೆರುಸಲೇಮಿನಲ್ಲಿ ಬಂಧಿತರಾಗಿ, ಅವರನ್ನು ಚಾಟಿಯಿಂದ ಹೊಡೆಯಲು ಕಟ್ಟಿದ ಪ್ರಸಂಗವನ್ನು ನಾವೆಲ್ಲ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದಿದ್ದೇವೆ. ತಾವು ರೋಮಿನ ಪೌರರೆಂದು ಅವರು ತಿಳಿಸಿದೊಡನೆ ಚಾಟಿ ಎತ್ತಿದ ಕೈ ಕೆಳಗಿಳಿಯಿತು. ತಾರ್ಸದಲ್ಲಿ ಹುಟ್ಟಿದ, ಅಲ್ಲಿಯವರೆಗೆ ರೋಮ್ ನಗರವನ್ನು ಕಣ್ಣಿನಿಂದಲೂ ಕಾಣದಿದ್ದ ಯೆಹೂದ್ಯನೊಬ್ಬನ ಬೆನ್ನಿಗೆ ಆ ನಗರದ ಕಾನೂನು ರಕ್ಷೆಯಾಗಿತ್ತು. ರೋಮನ್ನರು ತಾವು ಸೋಲಿಸಿದವರನ್ನು ನಿಧಾನವಾಗಿ ಪಾಲುದಾರರನ್ನಾಗಿ ಮಾಡಿಕೊಂಡರು. ಕ್ರಿ.ಶ. 212ರಲ್ಲಿ ಕಾರಕಲ್ಲನೆಂಬ ಚಕ್ರವರ್ತಿ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ನಿವಾಸಿಗಳಿಗೂ ಪೌರತ್ವವನ್ನು ವಿಸ್ತರಿಸಿದನು. ಅವನ ಉದ್ದೇಶ ತೆರಿಗೆ ಹೆಚ್ಚಿಸುವುದೇ ಆಗಿದ್ದಿರಬಹುದು. ಆದರೂ ಸೋತವನ ಮೊಮ್ಮಗನು ಗೆದ್ದವನ ಸಭೆಯಲ್ಲಿ ಕೂರಬಹುದಾದ ವ್ಯವಸ್ಥೆಯೊಂದು ಅಲ್ಲಿತ್ತು. ಚಕ್ರವರ್ತಿಗಳು ಕೊಲೆಯಾದರೂ ಸಾಮ್ರಾಜ್ಯ ಉಳಿಯುತ್ತಿದ್ದುದು ಈ ಕಾರಣದಿಂದ. 235ರಿಂದ 284ರವರೆಗಿನ ಅರ್ಧ ಶತಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಚಕ್ರವರ್ತಿಗಳಾಗಿ, ಅವರಲ್ಲಿ ಹೆಚ್ಚಿನವರು ಕತ್ತಿಗೆ ಬಲಿಯಾದರು. ಆದರೂ ರೋಮ್ ಆಗ ಅಳಿಯಲಿಲ್ಲ. ಹೈದರನ ರಾಜ್ಯಕ್ಕೆ ಅಂಥ ಬೇರುಗಳಿರಲಿಲ್ಲ. ಅದು ಒಬ್ಬನ ತೋಳಿನ ಮೇಲೆ ನಿಂತಿತ್ತು.

ಮುಳಬಾಗಿಲಿನ ಬಂಡೆಗಳ ನಡುವೆ

ಆ ತೋಳಿನ ಬಲವನ್ನು ನಮ್ಮ ಸೀಮೆಯೇ ಕಣ್ಣಾರೆ ಕಂಡಿದೆ. ಮೊದಲನೆಯ ಇಂಗ್ಲಿಷ್ ಮೈಸೂರು ಯುದ್ಧದಲ್ಲಿ, 1768ರ ಮಧ್ಯಭಾಗದಲ್ಲಿ, ಇಂಗ್ಲಿಷರು ಮುಳಬಾಗಿಲು ಮತ್ತು ಕೋಲಾರಗಳನ್ನು ಹಿಡಿದರು. ತಂದೆಯ ಸಮಾಧಿಯಿದ್ದ ಊರು ಶತ್ರುವಿನ ಕೈಸೇರಿತು. ಹೈದರನು ಸಂಧಾನಕ್ಕೂ ಸಿದ್ಧನಾದನು, ಆದರೆ ಇಂಗ್ಲಿಷರ ಬೇಡಿಕೆಗಳು ಮಿತಿಮೀರಿದ್ದವು. ಅಷ್ಟರಲ್ಲಿ ಮುಳಬಾಗಿಲಿನ ಕೋಟೆ ಮತ್ತೆ ಹೈದರನಿಗೆ ದಕ್ಕಿತು. ಅದನ್ನು ಮರಳಿ ಪಡೆಯಲು ಬಂದ ಕರ್ನಲ್ ವುಡ್ಡನ ದಳದ ಮೇಲೆ 1768ರ ಅಕ್ಟೋಬರ್ 4ರಂದು ಹೈದರನು ಎರಗಿದನು. ಮುಳಬಾಗಿಲಿನ ಹೆಬ್ಬಂಡೆಗಳ ನಡುವೆ ದಿನವಿಡೀ ಕಾಳಗ ನಡೆಯಿತು. ಇಂಗ್ಲಿಷರ ಸೋಲು ಖಚಿತವೆನಿಸಿದ್ದಾಗ, ಗಾಯಗೊಂಡಿದ್ದ ಕ್ಯಾಪ್ಟನ್ ಬ್ರೂಕನು ಕೆಲವರೊಡನೆ ಎರಡು ಫಿರಂಗಿಗಳನ್ನು ಬಂಡೆಯೊಂದರ ಮೇಲಕ್ಕೆಳೆದು ಗುಂಡು ಹಾರಿಸಿ, ಸೇನಾಪತಿ ಸ್ಮಿತ್ ಬಂದನೆಂದು ಎಲ್ಲರಿಂದಲೂ ಏಕಕಂಠದಿಂದ ಕೂಗಿಸಿದನು. ಹೊಸ ಸೇನೆ ಬಂದಿತೆಂಬ ಭ್ರಮೆಯಲ್ಲಿ ಹೈದರನ ದಂಡು ಕ್ಷಣಕಾಲ ಹಿಂಜರಿಯಿತು. ವುಡ್ಡನು ಅಷ್ಟರಲ್ಲಿ ಸಾವರಿಸಿಕೊಂಡನು.

ಹೈದರನ ಉತ್ತರ ಮರುವರ್ಷ ಬಂದಿತು. 1769ರ ಮಾರ್ಚಿಯಲ್ಲಿ, ಶತ್ರು ಸೇನೆಯನ್ನು ದೂರಕ್ಕೆ ಸೆಳೆದು, ತಾನು ಆರು ಸಾವಿರ ಸವಾರರೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿ ಕುದುರೆ ಓಡಿಸಿ, ಮದ್ರಾಸಿನ ಸಂತ ತೋಮಸರ ಬೆಟ್ಟದ ಬಳಿ ಪ್ರತ್ಯಕ್ಷನಾದನು. ಬೆದರಿದ ಇಂಗ್ಲಿಷರು ಒಪ್ಪಂದಕ್ಕೆ ಸಹಿ ಹಾಕಿದರು. ಗೆದ್ದ ನೆಲವನ್ನು ಪರಸ್ಪರ ಹಿಂತಿರುಗಿಸುವುದು, ಬೇರೆಯವರು ಮೇಲೆ ಬಿದ್ದರೆ ಪರಸ್ಪರ ನೆರವಾಗುವುದು ಅದರ ಷರತ್ತು. ಆದರೆ 1771ರ ಮಾರ್ಚಿಯಲ್ಲಿ ಚಿನಕುರಳಿಯ ಬಳಿ ಮರಾಠರು ಹೈದರನನ್ನು ನುಚ್ಚುನೂರು ಮಾಡಿದಾಗ ಇಂಗ್ಲಿಷರು ತಮ್ಮ ಮಾತನ್ನು ನಡೆಸಲಿಲ್ಲ. ಆ ವಚನಭಂಗವನ್ನು ಅವನು ಎಂದಿಗೂ ಮರೆಯಲಿಲ್ಲ.

ಈ ದಂಡಯಾತ್ರೆಗಳಲ್ಲಿ ಇಂಗ್ಲಿಷರು, ಮರಾಠರು, ಮೈಸೂರಿನವರು ಕೋಲಾರ ಸೀಮೆಯನ್ನು ಕೈಯಿಂದ ಕೈಗೆ ಬದಲಾಯಿಸಿದರು. ಯಾರ ದಂಡು ಬಂದರೂ ದನಕರುಗಳಿಗೆ ಹುಲ್ಲು ಉಳಿಯುವುದಿಲ್ಲ, ಕಣಜದಲ್ಲಿ ರಾಗಿ ಉಳಿಯುವುದಿಲ್ಲ. ಇಂದು ಮಾಲೂರಿನ ತರಕಾರಿಯ ಹೊಲಗಳನ್ನೂ ಶ್ರೀನಿವಾಸಪುರದ ಮಾವಿನ ತೋಪುಗಳನ್ನೂ ನೋಡುವ ನಾವು, ಇದೇ ಬಯಲು ಒಂದು ಕಾಲಕ್ಕೆ ಬೆಳೆಯ ಋತುವಿಗಿಂತ ದಂಡಿನ ಋತುವಿಗೆ ಹೆಚ್ಚು ಅಂಜುತ್ತಿದ್ದಿತೆಂಬುದನ್ನು ಮರೆಯಬಾರದು.

ಕಡಲನ್ನು ಬತ್ತಿಸಲಾಗದು

1780ರ ಜುಲೈಯಲ್ಲಿ ಹೈದರನು ಸುಮಾರು 80 ಸಾವಿರಕ್ಕೂ ಮಿಕ್ಕ ಸೇನೆಯೊಡನೆ ಘಟ್ಟ ಇಳಿದು ಕರ್ನಾಟಿಕ್ ಬಯಲನ್ನು ನುಗ್ಗಿದನು. ಶತ್ರುವಿಗೆ ಕಾಳು ದೊರೆಯಬಾರದೆಂದು ಮದ್ರಾಸಿನ ಸುತ್ತಲಿನ ಹಳ್ಳಿಗಳನ್ನು ಸುಡಿಸಿದನು. ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ದಳ ಸಂಪೂರ್ಣವಾಗಿ ನಾಶವಾಯಿತು. ಭಾರತದಲ್ಲಿ ಇಂಗ್ಲಿಷರು ಅದುವರೆಗೆ ಅಂಥ ಸೋಲನ್ನು ಕಂಡಿರಲಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ಈಗಲೂ ನೋಡಬಹುದು. ಆದರೆ 1781ರ ಜುಲೈ 1ರಂದು ಪೋರ್ಟೊ ನೋವೊದಲ್ಲಿ ಐರ್ ಕೂಟನು ಅವನನ್ನು ತಡೆದನು. ಬಂಗಾಳದಿಂದ ಹಡಗುಗಳಲ್ಲಿ ಹಣ, ಸೈನಿಕರು, ಧಾನ್ಯ ಬರುತ್ತಲೇ ಇದ್ದವು.

ಕೊನೆಯ ದಿನಗಳಲ್ಲಿ ಹೈದರನು ಪೂರ್ಣಯ್ಯನೊಡನೆ ಮನಸ್ಸು ಬಿಚ್ಚಿ ಮಾತನಾಡಿದನೆಂದು ವಿಲ್ಕ್ಸ್ ಬರೆದಿದ್ದಾನೆ. ಇಂಗ್ಲಿಷರನ್ನು ನೆಲದ ಮೇಲೆ ಎಷ್ಟು ಸಲ ಸೋಲಿಸಿದರೂ ಅವರನ್ನು ಹೊತ್ತು ತರುವ ಕಡಲನ್ನು ಬತ್ತಿಸುವುದು ತನ್ನಿಂದಾಗದೆಂಬ ವಿಷಾದ ಅವನ ಮಾತಿನಲ್ಲಿತ್ತಂತೆ. ಜೀವನವೆಲ್ಲ ತೋಳ್ಬಲವನ್ನು ನಂಬಿದವನು ಆ ಬಲದ ಎಲ್ಲೆಯನ್ನು ಅಂದು ಕಂಡನು. ಅಂಥ ಅರಿವು ಬಹಳ ಮಂದಿ ವಿಜಯಿಗಳಿಗೆ ಸಾಯುವಾಗಲೂ ಬರುವುದಿಲ್ಲ.

ಬೆನ್ನುಫಣಿಯಿಂದ ನರಳುತ್ತಿದ್ದ ಹೈದರನು 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಶಿಬಿರದಲ್ಲಿ ತೀರಿಕೊಂಡನು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದನು. ಒಡೆಯ ಸತ್ತನೆಂದು ತಿಳಿದರೆ ದಂಡು ಚದುರಿಹೋದೀತೆಂದು ಪೂರ್ಣಯ್ಯನೂ ಕೃಷ್ಣರಾಯನೂ ಸಾವನ್ನು ಮುಚ್ಚಿಟ್ಟರು. ಶವವನ್ನು ಪರಿಮಳ ದ್ರವ್ಯಗಳೊಡನೆ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಖಜಾನೆಯ ಸಾಗಾಟವೆಂಬಂತೆ ತೋರಿಸಿ, ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಅರ್ಧ ದಕ್ಷಿಣಾಪಥವನ್ನು ಗೆದ್ದವನು ಹೀಗೆ ಗುಟ್ಟಾಗಿ ತವರುಸೀಮೆಗೆ ಮರಳಿ, ಕೋಲಾರದ ಮಕಬರದಲ್ಲಿ ತಂದೆಯ ಪಕ್ಕದಲ್ಲಿ ಕೆಲಕಾಲ ವಿಶ್ರಮಿಸಿದನು. ಆಮೇಲೆ ಟಿಪ್ಪುವು ಅವನ ದೇಹವನ್ನು ಶ್ರೀರಂಗಪಟ್ಟಣದ ಗುಂಬಜಿಗೆ ಸಾಗಿಸಿದನು. ತಂದೆ ಫತೇ ಮಹಮ್ಮದನ ಸಮಾಧಿ ಇಂದಿಗೂ ಕೋಲಾರದಲ್ಲಿದೆ.

ಸಾಲದ ಲೆಕ್ಕ

ಒಬ್ಬನ ಸಾವನ್ನು ಮುಚ್ಚಿಡದಿದ್ದರೆ ರಾಜ್ಯ ಉಳಿಯದು ಎಂಬ ಸ್ಥಿತಿಯೇ ಆ ರಾಜ್ಯದ ದೌರ್ಬಲ್ಯವನ್ನು ಹೇಳುತ್ತದೆ. 1791ರ ಆರಂಭದಲ್ಲಿ ಕಾರ್ನ್‌ವಾಲಿಸನು ಘಟ್ಟ ಹತ್ತಿ, ಮುಳಬಾಗಿಲು, ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬೆಂಗಳೂರಿಗೆ ನಡೆದನು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡದ ಹಣಕ್ಕೆ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಇಂಗ್ಲಿಷರಿಗೆ ಒಪ್ಪಿಸಬೇಕಾಯಿತು. ಅವರನ್ನು ಮರ್ಯಾದೆಯಿಂದಲೇ ನಡೆಸಿಕೊಳ್ಳಲಾಯಿತು. ಆದರೂ ಅಜ್ಜ ಬಾಲ್ಯದಲ್ಲಿ ಕಂಡದ್ದನ್ನು ಮೊಮ್ಮಕ್ಕಳೂ ಬೇರೆ ರೂಪದಲ್ಲಿ ಕಂಡರು. ತಂದೆಯ ಬಾಕಿಗೆ ಮಕ್ಕಳು ಹೊಣೆಯಾದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಮಡಿದನು. ಬೂದಿಕೋಟೆಯಿಂದ ಮೇಲೆದ್ದ ಅಧಿಪತ್ಯ 1761ರಿಂದ ಲೆಕ್ಕ ಹಾಕಿದರೆ 38 ವರ್ಷ ಬಾಳಿತು. ಅಗಸ್ಟಸನಿಂದ ಆರಂಭವಾದುದು ಪಶ್ಚಿಮದಲ್ಲಿ ಐದು ಶತಮಾನ ಬಾಳಿತು. ಆದರೆ ಅದೂ ಬಿದ್ದಿತು.

ಏಕೆ ಬಿದ್ದಿತು? ಅದಕ್ಕೆ ಕಾರಣಗಳು ಹಲವು. ಅಂತಃಕಲಹ, ತೆರಿಗೆಯ ಹೊರೆ, ಗಡಿಯ ಒತ್ತಡ, ಸಾಂಕ್ರಾಮಿಕ ರೋಗಗಳು, ಎಲ್ಲವೂ ಅದರಲ್ಲಿ ಸೇರಿವೆ. ಅವುಗಳಲ್ಲಿ ಒಂದು ಪ್ರಸಂಗವನ್ನು ಮಾತ್ರ ಇಲ್ಲಿ ನೆನೆಯೋಣ. ಕ್ರಿ.ಶ. 376ರಲ್ಲಿ ಹೂಣರಿಗೆ ಹೆದರಿದ ಗೋಥ್ ಜನಾಂಗದವರು ಡ್ಯಾನ್ಯೂಬ್ ನದಿಯನ್ನು ದಾಟಿ ರೋಮಿನ ಆಶ್ರಯ ಬೇಡಿದರು. ಆಶ್ರಯವೇನೋ ದೊರೆಯಿತು, ಆದರೆ ಗಡಿಯ ಅಧಿಕಾರಿಗಳು ಅವರ ಹಸಿವನ್ನೇ ವ್ಯಾಪಾರ ಮಾಡಿಕೊಂಡರು. ನಾಯಿಯ ಮಾಂಸಕ್ಕೆ ಪ್ರತಿಯಾಗಿ ಅವರ ಮಕ್ಕಳನ್ನು ಗುಲಾಮರಾಗಿ ಪಡೆದರು. ಎರಡೇ ವರ್ಷಗಳಲ್ಲಿ ಆ ಜನ ತಿರುಗಿಬಿದ್ದು ಏಡ್ರಿಯಾನೋಪಲ್ಲಿನಲ್ಲಿ ಚಕ್ರವರ್ತಿ ವೇಲೆನ್ಸನನ್ನೇ ಬಲಿ ತೆಗೆದುಕೊಂಡರು. 410ರಲ್ಲಿ ಗೋಥರ ನಾಯಕ ಅಲಾರಿಕನು ರೋಮ್ ನಗರವನ್ನೇ ಲೂಟಿ ಮಾಡಿದನು. ಆ ಆಘಾತದ ನಂತರ ಸಂತ ಅಗಸ್ತೀನರು ದೇವರ ನಗರವನ್ನು ಕುರಿತ ತಮ್ಮ ಬೃಹದ್ಗ್ರಂಥವನ್ನು ರಚಿಸುತ್ತ, ರಾಜ್ಯಗಳನ್ನು ಅಳೆಯಲು ಅವುಗಳ ವಿಸ್ತಾರವನ್ನಲ್ಲ, ನ್ಯಾಯವನ್ನು ಅಳತೆಗೋಲಾಗಿ ಹಿಡಿದರು.

ಈ ಅಳತೆಗೋಲನ್ನು ಪರರಿಗೆ ಹಿಡಿಯುವುದು ಸುಲಭ. ನಮಗೆ ಹಿಡಿದುಕೊಳ್ಳುವುದು ಕಷ್ಟ. ಕರ್ನಾಟಕದ ಕ್ರೈಸ್ತರಾದ ನಮಗೂ ಈ ವಂಶದೊಡನೆ ಒಂದು ನೋವಿನ ಲೆಕ್ಕವಿದೆ. ಹೈದರನ ಕಾಲದಲ್ಲಿ ಬಹುಮಟ್ಟಿಗೆ ನೆಮ್ಮದಿಯಿಂದಿದ್ದ ಕರಾವಳಿಯ ಕಥೋಲಿಕರನ್ನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪುವು 1784ರ ತಪಸ್ಸುಕಾಲದ ಆರಂಭದ ಹೊತ್ತಿಗೆ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದನು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹುಮಂದಿ ಸತ್ತರು, ಚರ್ಚುಗಳು ನೆಲಸಮವಾದವು. 1799ರ ನಂತರವೇ ಉಳಿದವರು ಊರು ಕಂಡರು. ಕೆಲವರು ಇಂಗ್ಲಿಷರಿಗೆ ನೆರವಾಗಿದ್ದರೂ, ಮಗುವೂ ಮುದುಕಿಯೂ ಅದಕ್ಕೆ ದಂಡ ತೆತ್ತದ್ದು ನ್ಯಾಯವಲ್ಲ. ಈ ಸತ್ಯವನ್ನು ಮರೆಮಾಚಬೇಕಾಗಿಲ್ಲ. ಹಾಗೆಯೇ ಹೈದರನ ಶೌರ್ಯವನ್ನೂ ಅವನ ವಿಶಾಲ ವ್ಯವಹಾರವನ್ನೂ ಅಲ್ಲಗಳೆಯಬೇಕಾಗಿಲ್ಲ. ನಾಯರರ, ಬೇಡರ ಕಣ್ಣೀರನ್ನು ಮರೆತು ನಮ್ಮವರದನ್ನು ಮಾತ್ರ ಎಣಿಸುವುದೂ ಸರಿಯಲ್ಲ.

ಕೆಲವು ವರ್ಷಗಳಿಂದ ಹೈದರ್ ಮತ್ತು ಟಿಪ್ಪುವಿನ ಹೆಸರು ನಮ್ಮ ನಾಡಿನಲ್ಲಿ ಜಗಳದ ವಸ್ತುವಾಗಿದೆ. ಒಬ್ಬರು ಜಯಂತಿ ಎನ್ನುತ್ತಾರೆ, ಇನ್ನೊಬ್ಬರು ಧಿಕ್ಕಾರ ಎನ್ನುತ್ತಾರೆ. ನಮ್ಮ ಮನೆಗಳ ಊಟದ ಹೊತ್ತಿನಲ್ಲಿಯೂ ಈ ಮಾತು ಬರುತ್ತದೆ, ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಅವರಿಗೆ ಚರಿತ್ರೆಯನ್ನು ಪೂರ್ತಿಯಾಗಿ ಹೇಳೋಣ, ನೋವನ್ನೂ ಸೇರಿಸಿಯೇ ಹೇಳೋಣ. ಆದರೆ ಶಾಲೆಯಲ್ಲಿ ನಮ್ಮ ಮಗುವಿನ ಪಕ್ಕದಲ್ಲಿ ಕೂರುವ ಮುಸಲ್ಮಾನ ಹುಡುಗನನ್ನು 1784ರ ಬಾಕಿಗೆ ಹೊಣೆ ಮಾಡುವುದೆಂದರೆ, ಅಬ್ಬಾಸ್ ಕುಲಿಖಾನನ ಕೆಲಸವನ್ನೇ ನಾವು ಮುಂದುವರಿಸಿದಂತೆ. ಸತ್ತವರ ಸಾಲಕ್ಕೆ ಎಳೆಯರನ್ನು ನಗಾರಿಯೊಳಗೆ ಹಾಕಿದಾಗ ಏನಾಗುತ್ತದೆ ಎಂಬುದನ್ನು ಕೋಲಾರದವರಾದ ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?